ಕೋಡು ಬಂದ ಪ್ರೋಟಿಯೇಸ್

ಜೂನ್ 9, ಸೋಮವಾರ

ನನ್ನ ನಾಡಿ ಈಗ ನಿಮಿಷಕ್ಕೆ ನೂರಾ ಹದಿನೆಂಟು. ಎರಡು ಸಲ ಎಣಿಸಿದೆ. ಎರಡನೇ ಸಲ ನೂರಾ ಇಪ್ಪತ್ತೊಂದು ಬಂತು, ಅದು ಮೊದಲನೇ ಲೆಕ್ಕ ನೋಡಿ ಹೆದರಿದ್ದಕ್ಕೆ ಇರಬಹುದು.

ಇವತ್ತು ಸೆಮಿನಾರಿನ ಚೀಟಿ ಎತ್ತಿದ್ವಿ. ಉಳಿದವರಿಗೆ ಮನುಷ್ಯರಿಗೆ ಬರುವಂಥ ಟಾಪಿಕ್ ಬಂದಾವ. ವಿಟಮಿನ್ ಸಿ, ಹಾಲು, ಉಪ್ಪು. ನನಗೆ ಬಂದದ್ದು ‘ಒಂದು ವೈರಲ್ ಪ್ರೋಟಿಯೇಸ್‌ನ ರಚನೆ ಮತ್ತು ಅದು ಚಾಲೂ ಆಗುವ ಬಗೆ’. ಚೀಟಿ ಹೊಳ್ಳಿಸಿ ನೋಡಿದೆ, ಹಿಂದೆ ಏನರೆ ಸಣ್ಣ ಟಾಪಿಕ್ ಬರೆದಿರಬಹುದೇನೋ ಅಂತ. ಇರಲಿಲ್ಲ.

ರಾಮಲಿಂಗ ಸರ್ ಎಲ್ಲಾರ ಮುಂದೆ ಅಂದ್ರು: “ದೇವಿಕಾ, ಹೋದ ಸೆಮಿಸ್ಟರ್‌ದಾಗ ನೀ ನಾಲ್ಕು ನಿಮಿಷ ಸುಮ್ನ ನಿಂತು ‘ಥ್ಯಾಂಕ್ ಯೂ’ ಅಂತಂದು ಕುಂತಿ. ಆ ಥ್ಯಾಂಕ್ ಯೂಕ್ಕ ನಾ ಎಷ್ಟು ಮಾರ್ಕ್ಸ್ ಕೊಡಬೇಕು? ಈ ಸಲಾನೂ ಹಂಗಾತಂದ್ರ ನಿಮ್ಮಪ್ಪಗ ಫೋನ್ ಮಾಡ್ತೀನಿ. ಬಾಯಿ ಬಿಡಲಾರದಾಕಿಗೆ ಸೈನ್ಸ್ ಯಾಕ ಬೇಕು?”

ಫೋನ್ ಹೋದ್ರೆ ನನ್ನ ಕಥೆ ಮುಗೀತು. ಅಪ್ಪ ನಮ್ಮೂರು ಕಕ್ಕೇರಾದಾಗ ಶಾಲಿ ಜವಾನ. ಮೊದಲೇ ಅಂದಾನ, “ಯವ್ವಾ, ತ್ರಾಸ್ ಆಗಾಕತ್ರ ಬಿಟ್ಟು ಬಾ. ಸುರಪುರದಾಗ ಬಿ.ಎ. ಐತಿ. ದಿನಾ ಬಸ್ಸಿಗೆ ಹೋಗಿ ಬಂದ್ರಾತು, ಮನಿ ಊಟ ಸಿಗ್ತೈತಿ.” ಸಿಟ್ಟಿಲ್ಲದೆ ಪ್ರೀತಿಯಿಂದ ಹೇಳ್ತಾನ, ಅದೇ ಅಂಜಿಕೆ. ನನಗೆ ಸೈನ್ಸ್ ಬಿಡೂದು ಬೇಕಿಲ್ಲ. ಕಾಲೇಜು, ಹಾಸ್ಟೆಲ್ ಇರೋ ಈ ಯಾದಗಿರಿ ಬಿಡೂದೂ ಬೇಕಿಲ್ಲ. ಆರನೇ ಕ್ಲಾಸಿನಿಂದ ಹಾಸ್ಟೆಲ್‌ನಾಗ ಇದ್ದಾಕಿಗೆ ಪಾಳಿ ಹಚ್ಚಲಾರದ ಬಚ್ಚಲದಾಗ ಸ್ನಾನ ಮಾಡಿದ್ರೆ ಏನೋ ತಪ್ಪು ಮಾಡಿದಂಗ ಆಗ್ತೈತಿ.

ಹಾಸ್ಟೆಲ್ ಸ್ಕೂಲಿನಾಗ ಡೈರಿ ಇಂಗ್ಲಿಷ್‌ನಾಗೇ ಬರೀಬೇಕಿತ್ತು. ಶನಿವಾರ ಮಿಸ್ ಓದಿ, ನನ್ನ ದುಃಖದಾಗಿನ ಗ್ರಾಮರ್ ಕೆಂಪು ಪೆನ್ನಿನಿಂದ ತಿದ್ತಿದ್ರು. ಈ ಡೈರಿ ಯಾರೂ ತಿದ್ದಲಾರದ್ದು.

ಒಂದು ಹೇಳೂದು ಉಳೀತು. ಇದು ಇಬ್ಬರು ಕೂಡಿ ಮಾಡೋ ಸೆಮಿನಾರ್. ನನ್ನ ಜೋಡಿ ಮಕ್ತುಂಬಿ. ನೂರಾ ಇಪ್ಪತ್ತಾರು.

ಜೂನ್ 12, ಗುರುವಾರ

ಮಕ್ತುಂಬಿ ವನದುರ್ಗದಾಕಿ, ನಮ್ಮ ಹಾಸ್ಟೆಲ್‌ನಾಗೇ ಆರನೇ ರೂಮು. ಎಲ್ಲಾರ ಜೋಡಿ ಮಾತಾಡ್ತಾಳ. ನೀರು ಬರಲಿಲ್ಲಂದ್ರೆ ನಲ್ಲಿ ಜೋಡಿನೂ ಮಾತಾಡ್ತಾಳ. ಓದೂದು ಮಾತ್ರ ಇಲ್ಲ. ಅಂದ್ರೆ ಕೆಲಸ ಎಲ್ಲಾ ನಂದೇ.

ನಾನು ಒಂಬತ್ತು ಪುಟ ಇಂಗ್ಲಿಷ್‌ನಾಗ ಬರೆದು ಬೈಹಾರ್ಟ್ ಹಚ್ಚೀನಿ. ಬೆಳಿಗ್ಗೆ ಕನ್ನಡಿ ಮುಂದೆ ನಿಂತು ಹೇಳಿದೆ. ಎರಡನೇ ಪ್ಯಾರಾದಾಗ ಕನ್ನಡಿಯಾಗಿನಾಕಿ ನನ್ನೇ ನೋಡಾಕತ್ತಾಳ ಅನ್ನಿಸಿ ಬಾಯಿ ಕಟ್ತು.

ಮಕ್ತುಂಬಿ ಕಾಟಿನ ಮೇಲೆ ಕೂತು ಶೇಂಗಾ ತಿನ್ನುತ್ತ ಕೇಳಿದಳು. “ಜರಾ ಕನ್ನಡದಾಗ ಹೇಳಲೇ. ಏನು ಮಾಡ್ತೈತಿ ಇದು?”

ಹೇಳಿದೆ. ಕರೋನಾ ವೈರಸ್ಸು ನಮ್ಮ ಜೀವಕೋಶದಾಗ ಹೊಕ್ಕ ಮೇಲೆ ತನ್ನ ಸಾಮಾನೆಲ್ಲಾ ಒಂದೇ ಉದ್ದ ಸರಪಳಿ ಮಾಡಿಸಿಕೊಳ್ತೈತಿ. ಸರಪಳಿ ಹಂಗೇ ಇದ್ರೆ ಕೆಲಸಕ್ಕೆ ಬರೂದಿಲ್ಲ, ತುಂಡು ತುಂಡು ಆಗಬೇಕು. ಆ ಸರಪಳಿದಾಗೇ ಸಿಕ್ಕೊಂಡಿರೋ ನಮ್ಮ ಪ್ರೋಟಿಯೇಸು ಅದನ್ನ ಹನ್ನೊಂದು ಕಡೆ ತುಂಡು ಮಾಡ್ತೈತಿ.

“ಅಂದ್ರ ಕತ್ತರಿ.”

“ಎಂಜೈಮ್.”

“ಎಂಜೈಮೇ ಇರಲಿ. ಕತ್ತರಿಸ್ತೈತಿ ಹೌದಿಲ್ಲೊ?”

“ಕ್ಲೀವ್ ಮಾಡ್ತೈತಿ.”

“ಹಾಂ, ಅದೇ. ಕತ್ತರಿ.”

ಒಂಬತ್ತು ಪುಟ ಬರೆದಾಕಿ ನಾನು. ಒಂದೇ ಶಬ್ದದಾಗ ಮುಗಿಸಿ, ಶೇಂಗಾ ಸಿಪ್ಪಿ ನನ್ನ ನೋಟ್ಸ್ ಮೇಲೆ ಹಾಕಿ ಹೋದಳು.

ಜೂನ್ 15, ಭಾನುವಾರ

ಪ್ರೊಜೆಕ್ಟರ್ ಒಳಗೆ ಹಲ್ಲಿ ಹೊಕ್ಕು ಸತ್ತೈತಿ. ಅದಕ್ಕೇ ಸರ್ ಈ ಸಲ ಎಲ್ಲಾರೂ ಮಾಡೆಲ್ ತರಬೇಕು ಅಂದಾರ. ಥರ್ಮಾಕೋಲ್ ತರ್ತೀನಿ ಅಂತ ನಾನಂದೆ. ಮಕ್ತುಂಬಿ ನಿನ್ನೆ ಊರಿಗೆ ಹೋದಾಕಿ ಇವತ್ತು ಗೊಬ್ಬರದ ಚೀಲದಾಗ ಹೊಲದ ಕಪ್ಪು ಎರಿಮಣ್ಣು ತುಂಬಿಕೊಂಡು ಬಸ್ಸಿನಾಗ ಬಂದಾಳ. ಶಹಾಪುರದಾಗ ಕಂಡಕ್ಟರ್ ಕೇಳಿದನಂತೆ, “ಏನಮ್ಮಾ, ಹೊಲಾನೇ ಹೊತಗೊಂಡು ಹೊಂಟೀಯಲ್ಲ?”

ಈಕಿ ಅಂದಾಳ, “ಅರ್ಧಾ ಅಷ್ಟೇ ರೀ ಅಣ್ಣಾ. ಉಳಿದ ಅರ್ಧಕ್ಕ ಅಪ್ಪ ತೊಗರಿ ಬಿತ್ತಾಂವ ಇದ್ದಾನ.”

ಮಧ್ಯಾಹ್ನ ಪೂರ್ತಿ ಹಿತ್ತಲದಾಗ ಮಣ್ಣು ಕಲಸಿದ್ವಿ. ಪ್ರೋಟಿಯೇಸ್ ಅಂದ್ರೆ ಒಂದಲ್ಲ, ಒಂದೇ ನಮೂನಿಯ ಎರಡು ಅರ್ಧ. ಪ್ರತಿ ಅರ್ಧಕ್ಕೂ ಮೂರು ಉಂಡಿ. ಮೇಲಿನ ಎರಡು ಉಂಡಿಗಳ ನಡುವೆ ಒಂದು ಸಂದು, ಅದೇ ಬಾಯಿ, ಕತ್ತರಿಸೂದು ಅಲ್ಲೇ. ಮೂರನೇ ಉಂಡಿ ಜೋಡಿಯನ್ನ ಹಿಡಕೊಳ್ಳಾಕ. ಇಷ್ಟಲ್ಲದೆ ಪ್ರತಿ ಅರ್ಧದ ತುದಿಗೆ ಒಂದು ಸಣ್ಣ ಬೆರಳು ಇರ್ತೈತಿ. ಇದರ ಬೆರಳು ಅದರ ಬಾಯಿ ಹತ್ತಿರದ ಕಿಸೆಗೆ ಹೋಗಿ ಒತ್ತಿ ಹಿಡೀಬೇಕು, ಅದರ ಬೆರಳು ಇದರ ಕಿಸೆಗೆ. ಹಿಡೀಲಿಲ್ಲಂದ್ರೆ ಕಿಸೆ ಕುಸಿದು ಹೋಗ್ತೈತಿ. ಒಂದೇ ಇದ್ರೆ ಏನೂ ಕತ್ತರಿಸೂದಿಲ್ಲ, ಸುಮ್ನೆ ಮಣ್ಣಿನ ಉಂಡಿ ಇದ್ದಂಗ.

“ನನ್ನ ಬೆರಳು ನಿನ್ನ ಕಿಸೆದಾಗ, ನಿನ್ನ ಬೆರಳು ನನ್ನ ಕಿಸೆದಾಗ,” ಅಂದಳು ಮಕ್ತುಂಬಿ. “ಕಿಸೆಗಳ್ಳರ ಜೋಡಿ ಆತಲ್ಲೇ!”

ನನ್ನ ಅರ್ಧ ಸ್ಕೇಲ್ ಹಿಡಿದು ಮಾಡೀನಿ. ಆಕಿದು ದಪ್ಪ ಆಗೈತಿ. ಎರಡೂ ಒಂದೇ ನಮೂನಿ ಇರಬೇಕು ಅಂತ ನಾನು ಅಳುದನಿಯಿಂದ ಹೇಳಿದ್ರೆ, “ನಂದು ಬರೋಬ್ಬರಿ ಐತಿ, ನಿಂದೇ ಉಪಾಸ ಬಿದ್ದೈತಿ” ಅಂತಾಳ. ಕೊನೆಗೆ ಆಕಿದರ ಹೊಟ್ಟೆಯಿಂದ ಮಣ್ಣು ಕಿತ್ತು ನಂದಕ್ಕೆ ಹಚ್ಚಿದ್ವಿ.

ಜೂನ್ 17, ಮಂಗಳವಾರ

ಮಳೆ. ಮಣ್ಣು ಒಣಗಿಲ್ಲ. ಸೆಮಿನಾರಿಗೆ ಹತ್ತು ದಿನ ಉಳಿದಾವ. ನಾಡಿ ನೂರಾ ಹತ್ತು.

ಜೂನ್ 19, ಗುರುವಾರ

ಇನ್ನೂ ಮಳೆ. ರೂಮಿನಾಗ ಇಟ್ರೆ ಪ್ರೋಟಿಯೇಸಿಗೆ ಬೂಷ್ಟು ಬರ್ತೈತಿ. ಅಡಿಗಿಮನ್ಯಾಗ ಒಲಿ ಮೇಲಿನ ಕಟ್ಟಿ ಬೆಚ್ಚಗಿರ್ತೈತಿ, ಅಲ್ಲಿ ಇಡೂದು ಛಲೋ. ಆದ್ರೆ ಅಂಬವ್ವನ್ನ ಕೇಳಬೇಕು.

ಅಂಬವ್ವ ನಮ್ಮ ಅಡಿಗಿಯಾಕಿ, ಮುದನಾಳದಿಂದ ದಿನಾ ಬರ್ತಾಳ. ಆಕಿ ಸೌಟು ಎತ್ತಿದ್ರೆ ವಾರ್ಡನ್ ಮೇಡಂ ಸಹ ಬಾಗಿಲಿನಿಂದ ಹೊಳ್ಳತಾರ. ಹತ್ತು ತಿಂಗಳದಾಗ ನಾನು ಆಕಿಗೆ ಹೇಳಿದ್ದು ಒಂದೇ ಶಬ್ದ, “ಸಾಕ್ರಿ.” ಅದನ್ನೂ ಆಕಿ ಕೇಳಿಸಿಕೊಂಡಿಲ್ಲ, ಇನ್ನೊಂದು ರೊಟ್ಟಿ ಹಾಕ್ಯಾಳ.

“ಮಕ್ತುಂಬಿ, ನೀ ಹೇಳು.”

“ನಾ ಊರಿಗೆ ಹೊಂಟೀನಿ, ಕಾಕನ ಮಗಳ ನಿಶ್ಚಯ ಐತಿ. ನೀನೇ ಹೇಳಲೇ. ಕಡೀತಾಳೇನು?”

ನಾನು ಬೇರೆ ಉಪಾಯ ಮಾಡಿದೆ. ಅಂಬವ್ವ ನೀರು ತರಾಕ ಹೋದಾಗ ಎರಡೂ ಅರ್ಧ ಕಟ್ಟಿ ಮೇಲೆ ಇಟ್ಟು, ಮೇಲೊಂದು ಚೀಟಿ ಹಚ್ಚಿ ಬಂದೆ. ಇಂಗ್ಲಿಷ್‌ನಾಗ, ದೊಡ್ಡ ಅಕ್ಷರದಾಗ: ವೈರಲ್ ಪ್ರೋಟಿಯೇಸ್, ದಯವಿಟ್ಟು ಮುಟ್ಟಬೇಡಿ. ‘ದಯವಿಟ್ಟು’ ಅನ್ನೂದಕ್ಕೆ ಅಡಿಗೆರೆ ಹಾಕೀನಿ. ಇಷ್ಟು ಮರ್ಯಾದಿಯಿಂದ ಹೇಳಿದ ಮೇಲೆ ಯಾರೂ ಮುಟ್ಟೂದಿಲ್ಲ.

ಜೂನ್ 22, ಭಾನುವಾರ

ಮಕ್ತುಂಬಿ ಊರಿನಿಂದ ಬಂದಳು. ಚೀಲ ಇಳಿಸೂಕಿಂತ ಮೊದಲೇ ಕೇಳಿದಳು.

“ಬಸ್ಸಿನಾಗ ವಿಚಾರ ಮಾಡಿದೆ ನೋಡು. ಕತ್ತರಿನೂ ಸರಪಳಿದಾಗೇ ಸಿಕ್ಕೊಂಡೈತಿ ಅಂದಿ. ಬಿಡುಗಡಿ ಆದ ಮ್ಯಾಲೆ ಜೋಡಿ ಆಗ್ತೈತಿ, ಜೋಡಿ ಆದ ಮ್ಯಾಲೆ ಕತ್ತರಿಸ್ತೈತಿ. ಹಂಗಾದ್ರ ಮೊದಲ್ನೇ ಕತ್ತರಿ ಹಾಕಿದಾಂವ ಯಾರು?”

“ಅದು ಸಿಲೆಬಸ್‌ದಾಗ ಇಲ್ಲ,” ಅಂದೆ.

“ನಿಂಗ ಗೊತ್ತಿಲ್ಲ ಅನ್ನು.”

ಓದಲಾರದಾಕಿ ನನಗೆ ಹಿಂಗ ಅನ್ನೂದೇ? ಒಂಬತ್ತು ಪುಟ ತಿರುವಿದೆ. ಉತ್ತರ ಇರಲಿಲ್ಲ. ನಾನೇ ಬರೆದ ಪುಟದಾಗ ‘ಆಟೋ-ಪ್ರೊಸೆಸಿಂಗ್’ ಅಂತ ಐತಿ, ಬೈಹಾರ್ಟ್ ಸಹ ಆಗೈತಿ, ಅರ್ಥ ಮಾತ್ರ ಕೇಳಿಲ್ಲ ನಾನು ಇಲ್ಲೀತನ. ಸರ್ ಕೊಟ್ಟ ಝೆರಾಕ್ಸ್ ತೆಗೆದು ಕೂತೆ. ಊಟದ ಗಂಟೆ ಆಯ್ತು, ಹೋಗಲಿಲ್ಲ.

ಸಿಕ್ತು! ಅದು ಹಿಂಗೈತಿ. ವೈರಸ್ಸು ಒಂದು ಸರಪಳಿ ಮಾಡಿ ಸುಮ್ನಿರೂದಿಲ್ಲ, ಎಷ್ಟೋ ಸರಪಳಿ ಮಾಡ್ತೈತಿ. ಎರಡು ಸರಪಳಿ ಬಾಜೂಕ ಬಾಜೂಕ ಬಂದಾಗ, ಅವುಗಳ ನಡುವೆ ಸಿಕ್ಕೊಂಡ ಎರಡು ಅರ್ಧ ಒಂದಕ್ಕೊಂದು ಹಗೂರಕ ಆನಿಕೊಳ್ತಾವ. ಗದ್ದಲದ ಬಸ್ಸಿನಾಗ ಎರಡೂ ಕೈಯಾಗ ಚೀಲ ಹಿಡಿದು ನಿಂತ ಇಬ್ಬರ ಭುಜ ತಾಗಿದಂಗ. ಗಟ್ಟಿ ಜೋಡಿ ಅಲ್ಲ, ಬರೇ ತಾತ್ಪೂರ್ತಿಕ. ಅಷ್ಟರಾಗೇ ಬಾಯಿ ಜರಾ ತೆರೀತೈತಿ, ಮೊದಲು ತನ್ನ ತಲೆ ಕಡೆಯ ತುದಿನೇ ಕತ್ತರಿಸಿಕೊಳ್ತೈತಿ. ಆ ಬಿಡುಗಡಿ ಆದ ತುದಿನೇ ಬೆರಳು! ಅದು ಜೋಡಿದರ ಕಿಸೆಗೆ ಹೋದ ಮೇಲೆ ಹಿಡಿತ ಗಟ್ಟಿ ಆಗ್ತೈತಿ, ಆಮೇಲೆ ಬಾಲದ ಕಡೆ ಕತ್ತರಿಸ್ತೈತಿ, ಆಮೇಲೆ ಉಳಿದದ್ದೆಲ್ಲಾ.

ಆರನೇ ರೂಮಿಗೆ ಓಡಿ, ಮಲಗಿದ್ದ ಮಕ್ತುಂಬಿನ್ನ ಎಬ್ಬಿಸಿ, ಆಕಿ ಕಾಟಿನ ಮೇಲೆ ನಿಂತು ಹೇಳಿದೆ. ಕಾಟಿನ ಒಂದು ಪಟ್ಟಿ ಮುರೀತು. ಆಕಿ ಕಣ್ಣು ತಿಕ್ಕೊಂಡು, “ಯಾರೂ ಬಿಡಿಸಾಕ ಬರಲಾರದಾಗ ತಾವೇ ಭುಜಕ್ಕ ಭುಜ ಕೊಟ್ಟು ಬಿಡಿಸ್ಕೊಂಡ್ವು ಅನ್ನು. ಶಾಣ್ಯಾ ಅದಾವ,” ಅಂದಳು.

ಹಸಿವು ಆಗೈತಿ.

ಜೂನ್ 25, ಬುಧವಾರ, ಮಣ್ಣೆತ್ತಿನ ಅಮಾವಾಸ್ಯೆ

ಅಡಿಗಿಮನ್ಯಾಗಿಂದ ಹೂರಣದ ವಾಸನಿ ಬಂದು ಎಚ್ಚರಾಯ್ತು. ಹಬ್ಬ ಅಂದ್ರೆ ಅವತ್ತು ಊಟದಾಗ ಸಿಹಿ ಇರ್ತೈತಿ ಅಂತಷ್ಟೇ ನನ್ನ ನೆನಪು. ಮಣ್ಣೆತ್ತಿನ ಅಮಾವಾಸ್ಯೆಗೆ ಮನೆಮನೆಗೆ ಎರಿಮಣ್ಣಿನ ಎತ್ತಿನ ಜೋಡಿ ಕೂಡಿಸಿ ಪೂಜಿ ಮಾಡ್ತಾರ ಅನ್ನೂದು ಗೊತ್ತಿಲ್ಲಂತಲ್ಲ, ಆದ್ರೆ ನೆನಪು ಬರಬೇಕಿತ್ತು. ಬರಲಿಲ್ಲ.

ತಾಟು ಹಿಡಿದು ಹೋದೆ. ಒಲಿ ಮೇಲಿನ ಕಟ್ಟಿ ಮೇಲೆ ನಮ್ಮ ಪ್ರೋಟಿಯೇಸ್ ಇಲ್ಲ. ಅಂಬವ್ವ ಮೂಲ್ಯಾಗ ಮಣೆ ಹಾಕಿ, ರಂಗೋಲಿ ಬಿಟ್ಟು, ಅದರ ಮೇಲೆ ಕೂಡಿಸ್ಯಾಳ. ಅದಕ್ಕ ಕೋಡು ಬಂದಾವ. ನಾಲ್ಕು ಕೋಡು. ಬೆನ್ನ ಮೇಲೆ ಎತ್ತಿನ ಇಣಿ, ಅದೇ ಡುಬ್ಬ, ಬಂದೈತಿ. ಜೋಳದ ಕಾಳಿನ ಕಣ್ಣು ಬಂದಾವ. ಅಳತಿ ನೋಡಿ ಕೊರೆದ ನನ್ನ ಸಂದಿನಾಗ, ಎಲ್ಲಿ ಕತ್ತರಿಸಬೇಕೋ ಅಲ್ಲೇ, ಬೆಲ್ಲದ ತುಂಡು ಇಟ್ಟಾಳ.

ಅಂಬವ್ವ ಸೊಂಟದ ಮೇಲೆ ಕೈ ಇಟ್ಟು ಎಲ್ಲಾರಿಗೂ ಹೇಳಾಕತ್ತಿದ್ದಳು. “ಯಾವ ಪುಣ್ಯಾತಗಿತ್ತಿ ಮಾಡಿಟ್ಟಿದ್ಲೋ, ನಾ ಕುಂಬಾರ ಓಣಿಗೆ ಹೋಗೂದು ತಪ್ಪಿತು. ಆದ್ರ ಎಂಥಾ ಎತ್ತು ಮಾಡ್ಯಾರವ್ವಾ! ಕೋಡಿಲ್ಲ, ಕಾಲಿಲ್ಲ, ಒಂದರ ಬಾಲ ಇನ್ನೊಂದರ ಹೊಟ್ಟ್ಯಾಗ ಹೊಕ್ಕೈತಿ. ಕಾಲೇಜ್ ಕಲ್ತು ಏನು ಬಂತು? ಎತ್ತು ಹೆಂಗಿರ್ತಾವ ಅಂತ ಗೊತ್ತಿಲ್ಲಂದ್ರ?”

ನನ್ನ ಬಾಯಿಂದ ಹೆಂಗೋ ಬಂತು. “ಮ್ಯಾಲೆ ಒಂದು ಚೀಟಿ ಇತ್ತಲ್ರಿ?”

“ಹಾಂ, ಇತ್ತು. ಅದರ ಮ್ಯಾಲೇ ಕರ್ಪೂರ ಹಚ್ಚೀನಿ.”

ಮಕ್ತುಂಬಿ ನಗುತ್ತ ನಗುತ್ತ ನೆಲಕ್ಕೆ ಕೂತಳು. “ಇರಲಿ ಬಿಡಲೇ. ಪೂಜಿ ಆದ ಪ್ರೋಟಿಯೇಸ್. ಸರ್ ಫೇಲ್ ಮಾಡಿದ್ರ ಪಾಪ ಹತ್ತತೈತಿ ಅಂತ ಹೇಳೂಣು.”

ನಾಳೆ ಕಾಲೇಜಿನಿಂದ ಬಂದು ಬ್ಲೇಡಿನಿಂದ ಕೋಡು ತೆಗೀಬೇಕು. ಇವತ್ತು ತೆಗೆದ್ರೆ ಅಂಬವ್ವ ನಮ್ಮ ಕೋಡು ತೆಗೀತಾಳ. ಹೋಳಿಗೆ ಛಲೋ ಆಗಿತ್ತು, ಮೂರು ತಿಂದೆ.

ಜೂನ್ 26, ಗುರುವಾರ

ಎಲ್ಲಾ ಮುಗೀತು.

ಕಾಲೇಜಿನಿಂದ ಬಂದ್ರೆ ಮಣೆ ಖಾಲಿ. ಅಂಬವ್ವ ಬ್ಯಾಳಿ ಕುದಿಸಾಕತ್ತಿದ್ದಳು. “ಎತ್ತು ಎಲ್ಲಿ ರೀ?” ಅಂತ ಮಕ್ತುಂಬಿ ಕೇಳಿದಳು.

“ಪೂಜಿ ಮಾಡಿದ ಎತ್ತು ಹಂಗೇ ಇಟ್ಕೋತಾರೇನು? ಮಧ್ಯಾಹ್ನ ಊರಿಗೆ ಹೋದಾಗ ಬಾವ್ಯಾಗ ಬಿಟ್ಟು ಬಂದೆ.” ಸೌಟು ಝಾಡಿಸಿದಳು. “ಛಲೋ ಮುಳುಗಿದ್ವು.”

ನಾಳೆ ಹತ್ತು ಗಂಟೆಗೆ ಸೆಮಿನಾರ್!

ಆಮೇಲೆ ಏನಾಯ್ತು ನನಗೆ ಬರೋಬ್ಬರಿ ನೆನಪಿಲ್ಲ. ಚೀರಿದೆ ಅಂತ ಕಾಣ್ತೈತಿ. ಅದು ಎತ್ತಲ್ಲ, ಪ್ರೋಟಿಯೇಸ್ ಅಂದೆ. ಅದೇನದು ಅಂತ ಅಂಬವ್ವ ಕೇಳಿದಳು. ಹೇಳಿದೆ. ಸರಪಳಿ ಯಾಕ ಮಾಡ್ತೈತಿ ಅಂದಳು. ಹೇಳಿದೆ. ಹುಡುಗ್ಯಾರೆಲ್ಲ ತಾಟು ಹಿಡಿದು ಬಂದು ನಿಂತ್ರು. ಒಂದೇ ಅರ್ಧ ಇದ್ರೆ ಯಾಕ ಆಗೂದಿಲ್ಲ ಅಂತ ಯಾರೋ ಕೇಳಿದ್ರು, ಅದಕ್ಕೂ ಹೇಳಿದೆ. ಮೊದಲ್ನೇ ಕತ್ತರಿ ಯಾರು ಹಾಕ್ತಾರ ಅನ್ನೂದನ್ನ ಯಾರೂ ಕೇಳಲಿಲ್ಲ, ನಾನೇ ಕೇಳಿ ನಾನೇ ಹೇಳಿದೆ. ಅಷ್ಟರಾಗ ಬ್ಯಾಳಿ ತಳ ಹತ್ತಿತು.

ಅಂಬವ್ವ ಬ್ಯಾಳಿ ಪಾತ್ರಿ ಕೆಳಗಿಳಿಸಿ ಅಂದಳು, “ಅಂದ್ರ ನಾ ಕುಂಕುಮ ಹಚ್ಚಿದ್ದು ಕರೋನಾದ ಎತ್ತಿಗೆ?”

“ಹೂಂ ರೀ.”

“ಮುಳುಗಿಸಿದ್ದು ಪುಣ್ಯದ ಕೆಲಸಾನೇ ಆತು ಬಿಡು!” ಆಮೇಲೆ ನನ್ನನ್ನ ಕೆಳಗಿಂದ ಮೇಲಿನತನ ನೋಡಿದಳು. “ಅಲ್ಲವ್ವಾ, ಇಷ್ಟು ಮಾತು ಬರ್ತಾವ ನಿನಗ? ಹತ್ತು ತಿಂಗಳಾತು, ಮೂಕಿ ಅಂತ ತಿಳ್ಕೊಂಡು ಪಾಪ ಅಂತ ಒಂದೊಂದು ರೊಟ್ಟಿ ಜಾಸ್ತಿ ಹಾಕೀನಿ. ಕಟ್ಟಿ ಮ್ಯಾಲೆ ಇಡಾಗ ಬಾಯಿ ಬಿಟ್ಟು ಒಂದು ಮಾತು ಅಂದಿದ್ರ ನಿನ್ನ ಎತ್ತು ಉಳೀತಿದ್ವಲ್ಲ!”

“ಎತ್ತಲ್ಲ ರೀ ಅದು!”

ಈಗ ಗಂಟಲು ಕೆರೀತೈತಿ. ಉಪ್ಪುನೀರು ಮುಕ್ಕಳಿಸಿದೆ. ಒಂಬತ್ತು ಪುಟದಾಗ ಒಂದು ಸಾಲೂ ನೆನಪಿಗೆ ಬರವಲ್ದು. ಮಾಡೆಲ್ ಇಲ್ಲ, ಇಂಗ್ಲಿಷ್ ಇಲ್ಲ, ನಾಳೆ ದನಿನೂ ಇರೂದಿಲ್ಲ. ಅಪ್ಪಗೆ ಫೋನ್ ಹೋಗೂದು ಖರೇ. ಸುರಪುರ ಬಸ್ಸಿನ ಟೈಮು ಕೇಳಿಟ್ಟುಕೊಳ್ಳಬೇಕು.

ಜೂನ್ 27, ಶುಕ್ರವಾರ

ಕೈ ನೋಯಾಕತ್ತೈತಿ, ಆದ್ರೂ ಬರೀತೀನಿ, ಯಾಕಂದ್ರೆ ಸರ್ ಮಾಡಿದ್ದು ತಪ್ಪು.

ಮೊದಲಿನಿಂದ ಹೇಳ್ತೀನಿ. ಮಕ್ತುಂಬಿ ಮುಂದೆ ಹೋಗಿ ನಿಂತು, ನಮ್ಮ ಮಾಡೆಲ್ ಮುದನಾಳದ ಬಾವ್ಯಾಗ ಐತಿ ಅಂದಳು. ಕ್ಲಾಸೆಲ್ಲ ನಕ್ತು. ಸರ್ ನಗಲಿಲ್ಲ. ಆಕಿ ಶುರು ಮಾಡಿದಳು, “ಸರ್, ಇದು ಕತ್ತರಿ. ಇದು ನಮ್ಮ ಶ್ವಾಸಕೋಶ ಕತ್ತರಿಸ್ತೈತಿ.”

ತಪ್ಪು! ಶ್ವಾಸಕೋಶಕ್ಕೂ ಇದಕ್ಕೂ ಏನು ಸಂಬಂಧ? ನಾನು ಎದ್ದು ಹೋಗಿ ಹೇಳಿದೆ, ಇದು ಕತ್ತರಿಸೂದು ವೈರಸ್ಸಿನ ಸರಪಳಿ ಅಂತ. ಬರೇ ಬಾಯಿಲೆ ಹೇಳಿದ್ರೆ ತಿಳಿಯೂದಿಲ್ಲ ಅನ್ನಿಸ್ತು. ಎಲ್ಲಾರೂ ಏಳ್ರಿ ಅಂದೆ. ಎದ್ರು. ಹುಡುಗ್ಯಾರದು ಒಂದು ಸರಪಳಿ, ಹುಡುಗರದು ಒಂದು. ಹುಡುಗ್ಯಾರ ನಡುವೆ ನಾನು. ಹುಡುಗರ ನಡುವೆ ಮಕ್ತುಂಬಿ ನಿಲ್ಲಬೇಕು, ಆದ್ರೆ ಆಕಿ ಕೈ ಹಿಡಿಯಾಕ ಆ ಕಡೆ ಸಾಯಿಕುಮಾರ, ಈ ಕಡೆ ಬಸು ಇಬ್ಬರೂ ಒಲ್ಲೆ ಅಂದ್ರು. ಸಾಯಿಕುಮಾರನ ಮುಖ ಕೆಂಪಗಾಗಿತ್ತು. ಕೊನೆಗೆ ನಡುವೆ ನೋಟ್‌ಬುಕ್ ಇಟ್ಟು, ಈ ತುದಿ ಈಕಿ, ಆ ತುದಿ ಅವರು ಹಿಡಿದ್ರು. ಕ್ಲಾಸು ಸಾಲಲಿಲ್ಲ, ಎರಡೂ ಸರಪಳಿ ವರಾಂಡಕ್ಕೆ ಹೋದ್ವು.

ನಾನೂ ಮಕ್ತುಂಬಿನೂ ಭುಜಕ್ಕೆ ಭುಜ ತಾಗಿಸಿ, ಜರಾ ಓರೆಯಾಗಿ ನಿಂತ್ವಿ. ನೋಡ್ರಿ, ಇಬ್ಬರ ಕೈಯೂ ಸಿಕ್ಕೊಂಡಾವ, ಆದ್ರೂ ತಾಗೀವಿ ಅಂದೆ. ಮೊದಲು ಬಲಗೈ ಬಿಡಿಸಿಕೊಂಡ್ವಿ. ಬಿಡಿಸಿಕೊಂಡ ಆ ಕೈಯ ಬೆರಳು ನಾನು ಆಕಿ ಲ್ಯಾಬ್ ಏಪ್ರನ್ ಕಿಸೆದಾಗ ಹಾಕಿದೆ, ಆಕಿ ನನ್ನ ಕಿಸೆದಾಗ. ಹಿಡಿತ ಗಟ್ಟಿ ಆಯ್ತು. ಎಡಗೈ ಬಿಡಿಸಿಕೊಂಡ್ವಿ. ಆಮೇಲೆ ಬೆರಳು ಕಿಸೆದಾಗೇ ಇಟ್ಟುಕೊಂಡು, ಏಡಿಯಂಗ ಅಡ್ಡಡ್ಡ ನಡೆಯುತ್ತ, ಒಂದೊಂದೇ ಕೈ ಬಿಡಿಸುತ್ತ ಹೋದ್ವಿ. ತುಂಡಾದವರು ಇನ್ನ ತಮ್ಮ ತಮ್ಮ ಕೆಲಸಕ್ಕೆ ಹೋಗಬೇಕು ಅಂದೆ. ಹೋದ್ರು.

ಹನ್ನೊಂದನೇದು ಬಿಡಿಸಿ ಹೊಳ್ಳಿ ನೋಡಿದ್ರೆ ವರಾಂಡದಾಗ ಸರ್ ಒಬ್ಬರೇ.

“ದೇವಿಕಾ, ನನ್ನ ಕ್ಲಾಸ್ ಎಲ್ಲಿ?”

“ಕಟ್ ಆಗಿ ಕೆಲಸಕ್ಕ ಹೋಗ್ಯಾರ ರೀ ಸರ್.”

“ಎಲ್ಲೈತಿ ಕೆಲಸ?”

“ಕ್ಯಾಂಟೀನ್‌ನಾಗ ರೀ,” ಅಂದಳು ಮಕ್ತುಂಬಿ.

ಸರ್ ಆಗ ಕೇಳಿದ್ರು, “ಹಂಗಾದ್ರ ಇದನ್ನ ನಿಲ್ಲಿಸೂದು ಹೆಂಗ?” ನಾನು ಹೇಳೂದ್ರಾಗ ತಾವೇ ಡಸ್ಟರ್ ತಂದು ನಮ್ಮಿಬ್ಬರ ನಡುವೆ ತುರುಕಿ, “ಇಕಾ, ಔಷಧಿ. ನಿಂತಿತು,” ಅಂದ್ರು.

ನಿಲ್ಲೂದಿಲ್ಲ! ಡಸ್ಟರ್ ಬಾಯಿಯ ಸಂದಿಗೆ ಹೊಂದೂದಿಲ್ಲ. ಔಷಧಿ ಅಂದ್ರೆ ಆ ಸಂದಿನ ಅಳತಿಗೇ ಮಾಡಿರಬೇಕು, ಸರಪಳಿ ತುಂಡೇ ಬಂತು ಅಂತ ಬಾಯಿ ಮೋಸ ಹೋಗಿ ಕಚ್ಚಬೇಕು, ಕಚ್ಚಿದ ಮೇಲೆ ಬಿಡಾಕ ಬರಬಾರದು. ಇದನ್ನ ಹೇಳಿದೆ. ಸರ್ ಡಸ್ಟರ್ ಬರೇ ಉದಾಹರಣಿ ಅಂದ್ರು. ಉದಾಹರಣಿನೂ ಬರೋಬ್ಬರಿ ಇರಬೇಕಲ್ರಿ ಅಂದೆ. ಬೆಲ್ ಆಯ್ತು. ಮುಂದಿನ ಪಿರಿಯಡ್ಡಿನ ಮೇಡಂ ಬಂದು ಬಾಗಿಲದಾಗ ನಿಂತ್ರು. ಸರ್ ಚಾಕ್‌ಪೀಸ್ ಹಿಡಿದು, “ಇದು?” ಅಂದ್ರು. ಅದೂ ದೊಡ್ಡದು ಅಂದೆ. ಸರ್ ಚಾಕ್‌ಪೀಸ್ ಅರ್ಧ ಮುರಿದು ನನ್ನ ಮುಖ ನೋಡಿ, ಸ್ಟಾಫ್ ರೂಮಿಗೆ ನಡೆದುಬಿಟ್ರು. ಹಿಂದಿಂದ ಹೋಗಿ ಉಳಿದದ್ದು ಹೇಳೋಣಂದ್ರೆ ಮಕ್ತುಂಬಿ ಏಪ್ರನ್ ಜಗ್ಗಿ ಹಿಡಿದಳು.

ನಾಲ್ಕು ಗಂಟೆಗೆ ಅಪ್ಪನ ಫೋನು.

“ಯವ್ವಾ, ನಿಮ್ಮ ರಾಮಲಿಂಗ ಸರ್ ಫೋನ್ ಮಾಡಿದ್ರು.”

“ಏನಂದ್ರು?”

“‘ನಿಮ್ಮ ಮಗಳಿಗೆ ಬೆಲ್ ಆದ ಮ್ಯಾಲರೆ ಬಾಯಿ ಮುಚ್ಚಾಕ ಹೇಳ್ರಿ’ ಅಂದ್ರು. ನಾ ಅಂದೆ, ನಂಬರ್ ತಪ್ಪಿ ಹಚ್ಚೀರಿ ಸರ್, ನಾ ದೇವಿಕಾನ ಅಪ್ಪ ಅಂತ. ಖರೇನ ನೀನೇ ಏನವ್ವಾ? ಮತ್ತ ಆ ಸುರಪುರ ಕಾಲೇಜಿನವರಿಗೆ ನಾ ಏನಂತ ಹೇಳ್ಲಿ?”

“ಯಾವ ಕಾಲೇಜು? ಅಪ್ಪಾ, ನೀ ಮೊದಲ ಇದನ್ನ ಕೇಳು. ಡಸ್ಟರ್ ಯಾಕ ಆಗೂದಿಲ್ಲಂದ್ರ…”

ಸರಪಳಿಯಿಂದ ಶುರು ಮಾಡಿ ಎಲ್ಲಾ ಹೇಳಿದೆ. ಅಪ್ಪ ಹೂಂ, ಹೂಂ ಅಂತ ಕೇಳಿದ. ನಡುವೆ ಒಂದೇ ಸಲ ಬಾಯಿ ಹಾಕಿದ: “ಯವ್ವಾ, ನನ್ನ ಫೋನಿನ ಚಾರ್ಜ್ ಮುಗಿಯಾಕತ್ತೈತಿ.”

“ಚಾರ್ಜಿಗೆ ಹಾಕ್ಕೊಂಡು ಕೇಳು,” ಅಂದೆ.